ಮೀಟರಿನ ಮುಳ್ಳು ಸುಳ್ಳು ಹೇಳಬಾರದು

ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ದತ್ತಾತ್ರೇಯನ ದರ್ಶನಕ್ಕೆ ದೇವಲ ಗಾಣಗಾಪುರಕ್ಕೆ ಹೋಗುವವರು ಇಲ್ಲೇ ಹೊರಳಬೇಕು. ಹುಣ್ಣಿಮೆ, ಅಮಾವಾಸ್ಯೆ, ಗುರುವಾರಗಳಂದು ಭೀಮಾ–ಅಮರ್ಜಾ ಸಂಗಮಕ್ಕೆ ಹೋಗುವ ಭಕ್ತರ ಗಾಡಿಗಳು ಈ ಕೂಡುರಸ್ತೆಯನ್ನು ಹಾದೇ ಹೋಗುತ್ತವೆ. ಬಸ್ಸು ಸಿಗದವರು ಬಾಡಿಗೆ ಗಾಡಿ ಹಿಡಿಯುತ್ತಾರೆ. ಹಾಗೆ ಹತ್ತಿ ಕುಳಿತ ಪ್ರಯಾಣಿಕರು ಚಾಲಕನ ಮುಂದಿನ ದುಂಡು ಗಡಿಯಾರದತ್ತ ಒಮ್ಮೆ ಕಣ್ಣು ಹಾಯಿಸುವುದುಂಟು. ಗಾಡಿ ಓಡುತ್ತಿದೆ, ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿದೆ!

‘ಮೀಟರ್ ಬಂದ್ ಅದಲ್ರೀ, ಎಷ್ಟ್ ಕಿಲೋಮೀಟರ್ ಆತಂತ ಹ್ಯಾಂಗ ತಿಳೀತದ?’ ಎಂದು ಕೇಳಿದರೆ, ‘ರಸ್ತಾ ನಮಗ ಗೊತ್ತದ ಬಿಡ್ರೀ’ ಎಂಬ ಉತ್ತರ ಬರುತ್ತದೆ. ಈ ಸೀಮೆಯಲ್ಲಷ್ಟೇ ಅಲ್ಲ, ಹಳೆಯ ಗಾಡಿಗಳು ಓಡುವ ಎಲ್ಲ ಊರುಗಳಲ್ಲೂ ಕೇಳಿಬರುವ ಮಾತು ಇದು. ಇಂಥ ಗಾಡಿಗಳಲ್ಲಿ ಹಲವಕ್ಕೆ ಒಂದು ಪೂರ್ವಕಥೆ ಇರುತ್ತದೆ. ಮೊದಲಿದ್ದ ಎಂಜಿನ್ ಸವೆದುಹೋಗಿ, ಬೇರೊಂದು ಎಂಜಿನ್ ಮತ್ತು ಗೇರ್ ಬಾಕ್ಸ್ ಬಂದು ಕೂತಿರುತ್ತದೆ. ಗಾಡಿ ಮತ್ತೆ ಓಡತೊಡಗಿದ ಸಂಭ್ರಮದಲ್ಲಿ ಮೀಟರಿನ ಕಡೆ ಯಾರೂ ನೋಡಿರುವುದಿಲ್ಲ.

ಎಂಜಿನ್ ಬದಲಾದರೆ ಮೀಟರ್ ಯಾಕೆ ಕೆಡಬೇಕು? ಕೆಟ್ಟರೆ ನಷ್ಟವೇನು? ಸರಿಪಡಿಸುವ ದಾರಿ ಯಾವುದು? ಉತ್ತರಕ್ಕೆ ಮೊದಲು ಆ ದುಂಡು ಡಬ್ಬಿಯ ಒಳಗೆ ಇಣುಕಬೇಕು.

ಮುಟ್ಟದೆ ಎಳೆಯುವ ಮಾಯೆ

ದಾರಿಯ ಉದ್ದ ಅಳೆಯುವ ಆಸೆ ಮೋಟಾರು ಗಾಡಿಗಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಒಂದು ಬಂಡಿಯನ್ನು ವರ್ಣಿಸಿದ್ದಾನೆ. ಅದರ ಚಕ್ರದ ಅಡ್ಡಳತೆ ನಾಲ್ಕು ಅಡಿ. ಚಕ್ರ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲಿ. ಆಗ ಹಲ್ಲುಚಕ್ರಗಳ ಸಹಾಯದಿಂದ ಒಂದು ಹರಳು ಪೆಟ್ಟಿಗೆಯೊಳಗೆ ಬೀಳುತ್ತಿತ್ತು. ಸಂಜೆ ಹರಳು ಎಣಿಸಿದರೆ ಆ ದಿನದ ಪಯಣದ ಲೆಕ್ಕ ಸಿಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸರ್ವೆಯವರು ನಮ್ಮ ನೆಲವನ್ನು ಅಳೆಯುತ್ತ ತಳ್ಳಿಕೊಂಡು ಹೋದ ಅಳತೆಚಕ್ರದ ತತ್ವವೂ ಇದೇ. ಚಕ್ರದ ಸುತ್ತು ಎಣಿಸಿದರೆ ದೂರ ತಿಳಿಯುತ್ತದೆ.

ಆದರೆ ವೇಗ ಎನ್ನುವುದು ಎಣಿಸಿಡುವ ವಸ್ತುವಲ್ಲ. ಅದನ್ನು ಆ ಕ್ಷಣದಲ್ಲೇ ತೋರಿಸಬೇಕು. ಈ ಒಗಟನ್ನು ಬಿಡಿಸಿದವರಲ್ಲಿ ಇಬ್ಬರ ಹೆಸರು ಮುಖ್ಯ. ಕ್ರೊಯೇಷಿಯಾದ ಯೋಸಿಪ್ ಬೆಲುಶಿಚ್ 1888ರಲ್ಲಿ ವಿದ್ಯುತ್ತಿನಿಂದ ನಡೆಯುವ ವೇಗಮಾಪಕಕ್ಕೆ ಪೇಟೆಂಟ್ ಪಡೆದ. 1902ರಲ್ಲಿ ಸ್ಟ್ರಾಸ್‌ಬರ್ಗ್‌ನ ಒಟ್ಟೊ ಶುಲ್ಜ್ ಎಂಬ ಎಂಜಿನಿಯರ್ ಅಯಸ್ಕಾಂತದ ವೇಗಮಾಪಕಕ್ಕೆ ಪೇಟೆಂಟ್ ಪಡೆದ. ಮುಂದೆ ಸುಮಾರು ಎಂಬತ್ತು ವರ್ಷ ಜಗತ್ತಿನ ಬಹುಪಾಲು ಗಾಡಿಗಳಲ್ಲಿ ಆಳಿದ್ದು ಶುಲ್ಜ್‌ನ ತತ್ವವೇ. ಜೀಪು, ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಮೀಟರುಗಳೂ ಇದೇ ಬಗೆಯವು.

ಗೇರ್ ಬಾಕ್ಸಿನ ಬಾಲದಿಂದ ಒಂದು ಕೇಬಲ್ ಮೀಟರಿನ ಬೆನ್ನಿಗೆ ಬರುತ್ತದೆ. ಹೊರಗಿನ ಕೊಳವೆ ಅಲುಗಾಡುವುದಿಲ್ಲ. ಒಳಗಿನ ಉಕ್ಕಿನ ತಂತಿ ಮಾತ್ರ ಗಿರಗಿರನೆ ತಿರುಗುತ್ತದೆ. ತಂತಿಯ ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಮೇಲೆ ಟೋಪಿ ಹಾಕಿದ ಹಾಗೆ ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು ಇರುತ್ತದೆ. ಮುಳ್ಳು ಕೂತಿರುವುದು ಈ ಬಟ್ಟಲಿನ ದಂಡದ ಮೇಲೆ.

ಸ್ವಾರಸ್ಯ ಇರುವುದು ಇಲ್ಲಿಯೇ. ಅಯಸ್ಕಾಂತಕ್ಕೂ ಬಟ್ಟಲಿಗೂ ಸಂಪರ್ಕವಿಲ್ಲ. ಎರಡರ ನಡುವೆ ಗಾಳಿ ಮಾತ್ರ. ಅಲ್ಯೂಮಿನಿಯಮ್ಮನ್ನು ಅಯಸ್ಕಾಂತ ಅಂಟಿಸಿಕೊಳ್ಳುವುದೂ ಇಲ್ಲ. ಹಾಗಾದರೆ ಮುಳ್ಳು ಏಳುವುದು ಹೇಗೆ? ಅಯಸ್ಕಾಂತ ಸುತ್ತಿದಾಗ ಬಟ್ಟಲಿನ ಲೋಹದಲ್ಲಿ ವಿದ್ಯುತ್ತಿನ ಸಣ್ಣ ಸುಳಿಗಳು ಹುಟ್ಟುತ್ತವೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ ಪ್ರೇರಣೆಯ ಫಲ ಇದು. ಆ ಸುಳಿಗಳು ತಾವೇ ಅಯಸ್ಕಾಂತಗಳಂತೆ ವರ್ತಿಸಿ ಬಟ್ಟಲನ್ನು ಅಯಸ್ಕಾಂತದ ದಿಕ್ಕಿಗೇ ಎಳೆಯುತ್ತವೆ. ಬಟ್ಟಲು ಪೂರಾ ಸುತ್ತು ಹೊಡೆಯದಂತೆ ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಈ ಹಗ್ಗಜಗ್ಗಾಟ ಎಲ್ಲಿ ಸಮನಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಗಾಡಿಯ ವೇಗ ಹೆಚ್ಚಿದರೆ ಎಳೆತವೂ ಅದೇ ಪ್ರಮಾಣದಲ್ಲಿ ಹೆಚ್ಚಿ ಮುಳ್ಳು ಮುಂದೆ ಸರಿಯುತ್ತದೆ.

ಕಿಲೋಮೀಟರ್ ಎಣಿಸುವ ಅಂಕಿಗಳ ಕಥೆ ಬೇರೆ. ಅಲ್ಲಿ ಅಯಸ್ಕಾಂತದ ಆಟವಿಲ್ಲ. ಅದೇ ಕೇಬಲಿನಿಂದ ಸಣ್ಣ ಗೇರುಗಳ ಮೂಲಕ ಅಂಕಿಯ ಚಕ್ರಗಳು ತಿರುಗುತ್ತವೆ. ವಿಟ್ರೂವಿಯಸ್ಸನ ಹರಳಿನ ಪೆಟ್ಟಿಗೆಯ ಮೊಮ್ಮಕ್ಕಳು ಅವು. ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಪೇಚಾಟಕ್ಕೆಲ್ಲ ಕಾರಣ ಇದೇ.

ತಪ್ಪು ಎಂಜಿನ್ನಿನದಲ್ಲ

ಎಂಜಿನ್ ಬದಲಾಯಿಸಿದ್ದರಿಂದ ಮೀಟರ್ ಕೆಟ್ಟಿತು ಎನ್ನುವುದು ಸಾಮಾನ್ಯ ನಂಬಿಕೆ. ನಿಜ ನೋಡಿದರೆ ಎಂಜಿನ್ನಿಗೂ ವೇಗದ ಮೀಟರಿಗೂ ನೇರ ಸಂಬಂಧವಿಲ್ಲ. ಎಂಜಿನ್ ಒಂದೇ ಗತಿಯಲ್ಲಿ ತಿರುಗುತ್ತಿದ್ದರೂ ಮೊದಲ ಗೇರಿನಲ್ಲಿ ಗಾಡಿ ತೆವಳುತ್ತದೆ, ನಾಲ್ಕನೆಯದರಲ್ಲಿ ಓಡುತ್ತದೆ. ಅದಕ್ಕೇ ಮೀಟರಿನ ಕೇಬಲನ್ನು ಗೇರ್ ಬಾಕ್ಸ್ ದಾಟಿದ ಮೇಲೆ, ಚಕ್ರದ ಕಡೆಗೆ ಹೋಗುವ ದಂಡದಿಂದ ತೆಗೆದುಕೊಳ್ಳುತ್ತಾರೆ. ಆ ದಂಡ ತಿರುಗುವ ಗತಿ ಹಿಂದಿನ ಚಕ್ರದ ಗತಿಯನ್ನು ಅನುಸರಿಸುತ್ತದೆ, ಎಂಜಿನ್ನಿನ ಗತಿಯನ್ನಲ್ಲ.

ಹೀಗಾಗಿ ಎಂಜಿನ್ ಮಾತ್ರ ಬದಲಾಗಿ ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಟೈರು ಮೊದಲಿನವೇ ಇದ್ದರೆ ಮೀಟರ್ ಎಂದಿನಂತೆ ನಡೆಯಬೇಕು. ನಾಲ್ಕು ಚಕ್ರಕ್ಕೂ ಬಲ ಕೊಡುವ ಹಳೆಯ ಜೀಪುಗಳಲ್ಲಿ ಇನ್ನೂ ಒಂದು ಅನುಕೂಲವಿದೆ. ಅಲ್ಲಿ ಕೇಬಲ್ ಹೊರಡುವುದು ಗೇರ್ ಬಾಕ್ಸಿನಿಂದಲ್ಲ, ಅದರ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನು ಮುಟ್ಟದಿದ್ದರೆ ಎಂಜಿನ್, ಗೇರ್ ಬಾಕ್ಸ್ ಎರಡೂ ಬದಲಾದರೂ ಮೀಟರಿಗೆ ಭಯವಿಲ್ಲ. ಬುಲೆಟ್ಟಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡವರಿಗೂ ಈ ತಲೆನೋವು ಬಾರದಿರಲು ಕಾರಣವಿದೆ. ಬೈಕು, ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಮೀಟರ್ ನಡೆಯುವುದು ಮುಂದಿನ ಚಕ್ರದಿಂದ.

ತೊಂದರೆ ಶುರುವಾಗುವುದು ಗೇರ್ ಬಾಕ್ಸಿನ ಬಾಲ ಬದಲಾದಾಗ. ನಮ್ಮ ದೇಶದಲ್ಲಿ ಇಂಥ ಅದಲುಬದಲು ದೊಡ್ಡ ಪ್ರಮಾಣದಲ್ಲಿ ನಡೆದದ್ದಕ್ಕೆ ಆರ್ಥಿಕ ಕಾರಣವಿತ್ತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿತ್ತು. ಬಾಡಿಗೆ ಓಡಿಸುವವರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಕಂಪನಿಗಳೂ ಅದೇ ದಾರಿ ಹಿಡಿದವು. 1949ರಿಂದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸತೊಡಗಿದ್ದ ಮಹೀಂದ್ರ, 1979ರಲ್ಲಿ ಫ್ರಾನ್ಸಿನ ಪೂಜೊ ಕಂಪನಿಯ ಡೀಸೆಲ್ ಎಂಜಿನ್ ತಯಾರಿಸಲು ಒಪ್ಪಂದ ಮಾಡಿಕೊಂಡಿತು. ಹಿಂದುಸ್ತಾನ್ ಮೋಟಾರ್ಸ್ ತೊಂಬತ್ತರ ದಶಕದ ಮೊದಲಲ್ಲಿ ಅಂಬಾಸಡರಿಗೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಪೆಟ್ರೋಲ್ ಎಂಜಿನ್ನನ್ನೂ ಐದು ಗೇರಿನ ಬಾಕ್ಸನ್ನೂ ಕೂಡಿಸಿತು. ಮೈ ಇಂಗ್ಲೆಂಡಿನದು, ಗುಂಡಿಗೆ ಜಪಾನಿನದು! 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು.

ಕಾರ್ಖಾನೆಯಲ್ಲಿ ಎಂಜಿನ್ ಬದಲಾದರೆ ಮೀಟರಿನ ಗೇರನ್ನೂ ಲೆಕ್ಕ ಹಾಕಿ ಹೊಂದಿಸುತ್ತಾರೆ. ಗುಜರಿಯಿಂದ ತಂದ ಗೇರ್ ಬಾಕ್ಸನ್ನು ಊರಿನ ಗ್ಯಾರೇಜಿನಲ್ಲಿ ಕೂಡಿಸುವಾಗ ಆ ಲೆಕ್ಕ ಹಾಕುವವರು ಯಾರು?

ಹಲ್ಲುಗಳ ಲೆಕ್ಕ

ಲೆಕ್ಕ ಕಷ್ಟದ್ದಲ್ಲ. ಮೂರು ಸಂಗತಿ ಗೊತ್ತಿದ್ದರೆ ಸಾಕು. ಟೈರಿನ ಸುತ್ತಳತೆ, ಹಿಂದಿನ ಆಕ್ಸಲಿನ ಅನುಪಾತ, ಮತ್ತು ಮೀಟರ್ ಒಂದು ಕಿಲೋಮೀಟರಿಗೆ ಕೇಳುವ ಕೇಬಲ್ ಸುತ್ತುಗಳು. ಮೂರನೆಯದನ್ನು ಹಲವು ಮೀಟರುಗಳ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಹಳೆಯ ಮೀಟರುಗಳಲ್ಲಿ ಅದು ಮೈಲಿಯ ಲೆಕ್ಕದಲ್ಲಿ ಇರಬಹುದು. ಭಾರತದಲ್ಲಿ ಮೆಟ್ರಿಕ್ ಅಳತೆ 1958ರಿಂದ ಹಂತ ಹಂತವಾಗಿ ಬಂದು 1962ರಲ್ಲಿ ಕಡ್ಡಾಯವಾಯಿತು. ಒಂದು ಮೈಲಿ ಎಂದರೆ 1.609 ಕಿಲೋಮೀಟರ್. ಮೈಲಿಗೆ 1000 ಸುತ್ತು ಕೇಳುವ ಮೀಟರಿಗೆ ಕಿಲೋಮೀಟರಿಗೆ ಸುಮಾರು 621 ಸುತ್ತು ಸಿಗಬೇಕು.

ಒಂದು ಹಳೆಯ ಜೀಪನ್ನೇ ಉದಾಹರಣೆಗೆ ಹಿಡಿಯೋಣ. ಟೈರಿನ ಸುತ್ತಳತೆ 2.15 ಮೀಟರ್ ಇದ್ದರೆ ಒಂದು ಕಿಲೋಮೀಟರಿಗೆ ಚಕ್ರ 465 ಸುತ್ತು ತಿರುಗುತ್ತದೆ. ಆಕ್ಸಲಿನ ಅನುಪಾತ 5.38 ಆದರೆ ದಂಡ ತಿರುಗುವುದು ಸುಮಾರು 2502 ಸುತ್ತು. ದಂಡದ ಮೇಲೆ ನಾಲ್ಕು ಎಳೆಯ ಸುರುಳಿ ಗೇರು, ಅದಕ್ಕೆ ಕಚ್ಚಿಕೊಂಡು ಕೇಬಲ್ ತಿರುಗಿಸುವ ಪ್ಲಾಸ್ಟಿಕ್ ಪಿನಿಯನ್ನಿಗೆ 16 ಹಲ್ಲು ಇವೆ ಎನ್ನೋಣ. ಹದಿನಾರನ್ನು ನಾಲ್ಕರಿಂದ ಭಾಗಿಸಿದರೆ ನಾಲ್ಕು. 2502ನ್ನು ನಾಲ್ಕರಿಂದ ಭಾಗಿಸಿದರೆ 625. ಬೇಕಾದದ್ದು 621. ಮೀಟರ್ ಸರಿಯಾಗಿದೆ.

ಈಗ ಡೀಸೆಲ್ ಎಂಜಿನ್ ಬಂತು. ಪೆಟ್ರೋಲ್ ಎಂಜಿನ್ನಿನಷ್ಟು ಜೋರಾಗಿ ಅದು ತಿರುಗದು. ಗಾಡಿಗೆ ಓಟ ಬರಲೆಂದು ಮಿಸ್ತ್ರಿ ಕ್ರೌನ್–ಪಿನಿಯನ್ನನ್ನೂ ಬದಲಿಸಿ 4.88 ಅನುಪಾತದ್ದನ್ನು ಹಾಕುತ್ತಾನೆ. ದಂಡ ಈಗ ಕಿಲೋಮೀಟರಿಗೆ 2270 ಸುತ್ತು ಮಾತ್ರ ತಿರುಗುತ್ತದೆ. ಮೀಟರಿನ ಪಿನಿಯನ್ ಹಳೆಯದೇ ಉಳಿದರೆ ಕೇಬಲಿಗೆ ಸಿಗುವುದು 567 ಸುತ್ತು. ಅಂದರೆ ಗಾಡಿ ನಿಜವಾಗಿ 60ರಲ್ಲಿ ಓಡುವಾಗ ಮುಳ್ಳು 55ನ್ನು ತೋರಿಸುತ್ತದೆ. ಮುಳ್ಳು 60ಕ್ಕೆ ಬಂದಾಗ ನಿಜವಾದ ವೇಗ 65ನ್ನೂ ದಾಟಿರುತ್ತದೆ.

ಐದಾರು ಕಿಲೋಮೀಟರಿನ ವ್ಯತ್ಯಾಸದಿಂದ ಏನಾಗುತ್ತದೆ ಎನ್ನಬಾರದು. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಮೇಲಿನ ಉದಾಹರಣೆಯಲ್ಲಿ 60 ಎಂದು ನಂಬಿ ಓಡಿಸುವ ಚಾಲಕನ ಗಾಡಿ ನಿಲ್ಲಲು ಸುಮಾರು ಶೇಕಡ 20ರಷ್ಟು ಹೆಚ್ಚು ದೂರ ಬೇಕು. ತೊಗರಿ ರಾಶಿಯ ಕಾಲದಲ್ಲಿ ಕತ್ತಲಲ್ಲಿ ದೀಪವಿಲ್ಲದ ಎತ್ತಿನ ಬಂಡಿಯೋ ಟ್ರ್ಯಾಕ್ಟರ್ ಟ್ರೇಲರೋ ಎದುರಾದಾಗ ಆ ನಾಲ್ಕಾರು ಮಾರು ಅಂತರವೇ ಜೀವದ ಲೆಕ್ಕವಾಗುತ್ತದೆ.

ಪರಿಹಾರ ಆ ಪುಟ್ಟ ಪಿನಿಯನ್ನಿನಲ್ಲಿದೆ. ಬೇಕಾದ ಅನುಪಾತ ಈಗ 3.65. ಹದಿನೈದು ಹಲ್ಲಿನ ಪಿನಿಯನ್ ಹಾಕಿದರೆ 3.75, ಹದಿನಾಲ್ಕರದು ಹಾಕಿದರೆ 3.5. ಹಲ್ಲನ್ನು ಅರ್ಧ ಮಾಡಲಾಗದು. ಹದಿನೈದು ಹೆಚ್ಚು ಹತ್ತಿರ, ಆದರೆ ಅದು ವೇಗವನ್ನು ಎರಡೂವರೆ ಶೇಕಡದಷ್ಟು ಕಡಿಮೆ ತೋರಿಸುತ್ತದೆ. ಹದಿನಾಲ್ಕು ಸುಮಾರು ನಾಲ್ಕು ಶೇಕಡ ಹೆಚ್ಚು ತೋರಿಸುತ್ತದೆ. ಆಯ್ಕೆ ಯಾವುದು?

ಹಲವು ದೇಶಗಳು ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ 39ನೇ ನಿಯಮಾವಳಿ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ಅದಕ್ಕೂ ಮಿತಿಯಿದೆ. ನಿಜ ವೇಗದ ಹತ್ತನೇ ಒಂದು ಭಾಗಕ್ಕೆ ನಾಲ್ಕು ಕೂಡಿಸಿದರೆ ಆ ಮಿತಿ. ಅಂದರೆ 60ರಲ್ಲಿ 70ರವರೆಗೆ. ಅದರಂತೆ ಹದಿನಾಲ್ಕು ಹಲ್ಲೇ ಸರಿ. ಗಾಡಿ 60ರಲ್ಲಿದ್ದಾಗ ಮುಳ್ಳು ಅರವತ್ತೆರಡೂವರೆ ತೋರಿಸುತ್ತದೆ, ಚಾಲಕ ಸ್ವಲ್ಪ ಬೇಗನೆ ಎಚ್ಚರಾಗುತ್ತಾನೆ.

ಆದರೆ ಒಂದು ತೊಡಕು ಉಳಿಯಿತು. ಅಂಕಿಗಳೂ ಅದೇ ಕೇಬಲಿನಿಂದ ತಿರುಗುತ್ತವಲ್ಲ! ನೂರು ಕಿಲೋಮೀಟರ್ ಓಡಿದರೆ ಅವು 104 ತೋರಿಸುತ್ತವೆ. ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ ಮಾತಾಡಿದ ಭಕ್ತರು ಓಡದ ನಾಲ್ಕು ಕಿಲೋಮೀಟರಿಗೂ ಹಣ ತೆರಬೇಕು. ಹದಿನೈದು ಹಲ್ಲು ಹಾಕಿದರೆ ನಷ್ಟ ಮಾಲೀಕನಿಗೆ. ಮುಳ್ಳು ತುಸು ಮುಂದಿದ್ದರೆ ಜೀವಕ್ಕೆ ಒಳ್ಳೆಯದು, ಅಂಕಿ ಮಾತ್ರ ತಕ್ಕಡಿಯಂತೆ ನೇರವಿರಬೇಕು. ಎರಡನ್ನೂ ಸಾಧಿಸಬೇಕಾದರೆ ಕೇಬಲಿನ ನಡುವೆ ಸಣ್ಣ ಗೇರಿನ ಡಬ್ಬಿಯೊಂದನ್ನು ಕೂಡಿಸಿ ಸುತ್ತುಗಳನ್ನು ಕರಾರುವಾಕ್ಕಾಗಿ ಹೊಂದಿಸಬೇಕು. ಬಳಿಕ ಮುಳ್ಳಿನ ಸ್ಪ್ರಿಂಗನ್ನು ಮೀಟರ್ ರಿಪೇರಿ ಬಲ್ಲವರ ಕೈಯಲ್ಲಿ ತಿದ್ದಿಸಬೇಕು. ನಗರಗಳ ಆಟೊ, ಟ್ಯಾಕ್ಸಿಗಳ ಬಾಡಿಗೆ ಮೀಟರಿಗೆ ಪ್ರತ್ಯೇಕವಾಗಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುವುದು ಇದೇ ಕಾರಣಕ್ಕೆ.

ಕೇಬಲಿನ ಕಿರಿಕಿರಿ

ಲೆಕ್ಕ ಸರಿಯಾದರೂ ಮೀಟರ್ ನಡೆಯದಿರಬಹುದು. ಹೊಸ ಗೇರ್ ಬಾಕ್ಸಿನ ಮೂತಿಗೆ ಹಳೆಯ ಕೇಬಲಿನ ನಟ್ಟು ಕೂರುವುದಿಲ್ಲ. ಒಳತಂತಿಯ ತುದಿ ಒಂದರಲ್ಲಿ ಚೌಕ, ಇನ್ನೊಂದರಲ್ಲಿ ಸೀಳು. ಆಗ ಒಂದು ತುದಿ ಗೇರ್ ಬಾಕ್ಸಿಗೂ ಇನ್ನೊಂದು ತುದಿ ಮೀಟರಿಗೂ ಹೊಂದುವಂತೆ ಕೇಬಲ್ ಮಾಡಿಸಬೇಕು. ಕೆಲವು ಗೇರ್ ಬಾಕ್ಸುಗಳು ಕೇಬಲನ್ನು ಉಲ್ಟಾ ತಿರುಗಿಸುತ್ತವೆ. ಮುಳ್ಳು ಸೊನ್ನೆಯ ಹಿಂದಿನ ಕಡ್ಡಿಗೆ ಒತ್ತಿಕೊಂಡು ಕೂತುಬಿಡುತ್ತದೆ. ಮೀಟರ್ ಸತ್ತಿತೆಂದು ಎಸೆಯುವ ಮೊದಲು ಒಳತಂತಿಯನ್ನು ಬೆರಳಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ ನೋಡುವುದು ಒಳ್ಳೆಯದು.

ಮುಳ್ಳು ಒಂದೆಡೆ ನಿಲ್ಲದೆ ನಡುಗುತ್ತಿದ್ದರೆ ಅದು ಕೇಬಲಿನ ದೂರು. ಕೇಬಲ್ ಎಲ್ಲೋ ಬಿಗಿಯಾಗಿ ಬಾಗಿರುತ್ತದೆ ಅಥವಾ ಒಳಗೆ ಒಣಗಿರುತ್ತದೆ. ಒಂದು ಗೇಣಿಗಿಂತ ಕಿರಿದಾದ ತಿರುವು ಇರಬಾರದು. ಗ್ರೀಸು ತೆಳುವಾಗಿ ಹಚ್ಚಬೇಕು, ಮೀಟರಿನ ಕಡೆಯ ನಾಲ್ಕು ಬೆರಳಿನಷ್ಟು ತಂತಿಯನ್ನು ಒಣಗಿಯೇ ಬಿಡಬೇಕು. ಇಲ್ಲದಿದ್ದರೆ ಗ್ರೀಸು ಏರಿ ಬಟ್ಟಲಿಗೆ ಅಂಟಿ ಮುಳ್ಳನ್ನು ಹುಚ್ಚೆಬ್ಬಿಸುತ್ತದೆ.

ಈಚಿನ ಗೇರ್ ಬಾಕ್ಸುಗಳಲ್ಲಿ ಕೇಬಲಿನ ತೂತೇ ಇರುವುದಿಲ್ಲ. ಅಲ್ಲೊಂದು ಸೆನ್ಸರ್ ಕೂತು, ದಂಡ ತಿರುಗಿದಂತೆಲ್ಲ ವಿದ್ಯುತ್ತಿನ ಮಿಡಿತಗಳನ್ನು ಕಳಿಸುತ್ತದೆ. ಮೀಟರ್ ಅವನ್ನು ಎಣಿಸುತ್ತದೆ. ಅಂಥ ಬಾಕ್ಸನ್ನು ಹಳೆಯ ಗಾಡಿಗೆ ಕೂಡಿಸಿದವರು ಎಲೆಕ್ಟ್ರಾನಿಕ್ ಮೀಟರನ್ನೇ ಹಾಕಿಕೊಂಡು, ಕಿಲೋಮೀಟರಿಗೆ ಎಷ್ಟು ಮಿಡಿತ ಎಂದು ಅದಕ್ಕೆ ಹೇಳಿಕೊಡಬೇಕು. ಇಲ್ಲಿ ಹಲ್ಲಿನ ಗೊಡವೆ ಇಲ್ಲ, ಅಂಕಿ ತಿದ್ದಿದರೆ ಮುಗಿಯಿತು. ಉಪಗ್ರಹಗಳ ಸಂಕೇತದಿಂದ ವೇಗ ತಿಳಿಯುವ ಜಿಪಿಎಸ್ ಮೀಟರಿಗಂತೂ ಗೇರ್ ಬಾಕ್ಸಿನ ಹಂಗೇ ಬೇಕಿಲ್ಲ. ಸುರಂಗ ಹೊಕ್ಕಾಗ ಮಾತ್ರ ಅದು ಕುರುಡಾಗುತ್ತದೆ.

ಕಲ್ಲೇ ಸಾಕ್ಷಿ

ಕೆಲಸ ಮುಗಿದ ಮೇಲೆ ಮೀಟರ್ ನಿಜ ಹೇಳುತ್ತಿದೆಯೇ ಎಂದು ನೋಡಲು ದೊಡ್ಡ ಯಂತ್ರವೇನೂ ಬೇಡ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು, ಒಂದು ಕೈಗಡಿಯಾರ, ಜೊತೆಗೊಬ್ಬರು ಇದ್ದರೆ ಸಾಕು. ಮುಳ್ಳನ್ನು 60ರಲ್ಲಿ ಹಿಡಿದು ಓಡಿಸಬೇಕು, ಪಕ್ಕದವರು ಸಮಯ ನೋಡಬೇಕು. ಕಲ್ಲಿನಿಂದ ಕಲ್ಲಿಗೆ ಸರಿಯಾಗಿ 60 ಸೆಕೆಂಡ್ ಹಿಡಿದರೆ ಮೀಟರ್ ಸರಿ. 55 ಸೆಕೆಂಡಿಗೇ ಕಲ್ಲು ಬಂದರೆ, 3600ನ್ನು 55ರಿಂದ ಭಾಗಿಸಿದಾಗ ನಿಜ ವೇಗ 65 ಎಂದು ಗೊತ್ತಾಗುತ್ತದೆ. ಒಂದೊಂದು ಕಲ್ಲು ತುಸು ಹಿಂದೆಮುಂದೆ ನೆಟ್ಟಿರಬಹುದು. ಅದಕ್ಕೇ ಹತ್ತು ಕಲ್ಲು ದಾಟಿ ಸರಾಸರಿ ತೆಗೆಯುವುದು ಜಾಣತನ. ಈಗ ಜೇಬಿನ ಮೊಬೈಲ್ ಫೋನೂ ಈ ಸಾಕ್ಷಿ ನುಡಿಯಬಲ್ಲದು.

ಕಾನೂನಿನ ಮಾತೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಚಾಲಕನಿಗೆ ವೇಗ ಕಾಣುವಂತೆ ಮೀಟರ್ ಇರಬೇಕೆನ್ನುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪ್ರಾಧಿಕಾರದ ಅನುಮತಿ ಇಲ್ಲದೆ ಎಂಜಿನ್ ಬದಲಿಸುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ, ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಎಂಜಿನ್ನಿಗೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತುವುದು ಕ್ಷೇಮ.

ಎಂಜಿನ್ನಿಗೆ ಸಾವಿರಾರು ರೂಪಾಯಿ ಸುರಿದ ಮಾಲೀಕರು ಒಂದು ಪ್ಲಾಸ್ಟಿಕ್ ಪಿನಿಯನ್ನಿಗೆ ಹಿಂದೆಗೆಯುತ್ತಾರೆ. ಆಯಿಲ್ ಬದಲಿಸುವ ಕಾಲ, ಟೈರಿನ ಆಯುಷ್ಯ, ಲೀಟರಿಗೆ ಎಷ್ಟು ಓಡಿತೆಂಬ ಲೆಕ್ಕ, ಮಾರುವಾಗಿನ ಬೆಲೆ ಎಲ್ಲಕ್ಕೂ ಆಧಾರ ಅದು ತಿರುಗಿಸುವ ಅಂಕಿಗಳೇ. ರಸ್ತೆ ಗೊತ್ತಿದೆ ಎನ್ನುವ ಚಾಲಕನ ಮಾತು ಸುಳ್ಳಲ್ಲ. ಆದರೆ ರಸ್ತೆ ಗೊತ್ತಿರುವುದು ಬೇರೆ, ವೇಗ ಗೊತ್ತಿರುವುದು ಬೇರೆ. ಗಾಣಗಾಪುರದ ತಿರುವಿನಲ್ಲಿ ಹಿಂದೆ ಕುಳಿತ ಹತ್ತು ಜನರ ಜೀವ ನೆಚ್ಚಿಕೊಂಡಿರುವುದು ಎರಡನೆಯದನ್ನು.